ಪತ್ತಾಕ್‌ನಲ್ಲಿರುವ ರಾಣಿಯಿಂದಲೇ ಶುರು ಮಾಡಿ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ. ಐನ್‌ಮನೆಯ (ಮನೆತನದ ಮೂಲ ಮನೆ) ಹಳೇ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಒಂದಷ್ಟು ಬೆಳ್ಳಿ ರೂಪಾಯಿ, ಹಸಿರುಗಟ್ಟಿದ ಒಂದು ತಾಮ್ರದ ನಾಣ್ಯ ಸಿಕ್ಕಿವೆ. ಅಜ್ಜಿಯ ಪತ್ತಾಕ್‌ನಲ್ಲೂ (ಕೊಡವ ಹೆಂಗಸರ ಕೊರಳಿನ ಪದಕ) ರಾಣಿಯ ಮುಖದ ಚಿನ್ನದ ನಾಣ್ಯ ಇದೆ. ಇವನ್ನು ನೋಡಿದ ಮೇಲೆ ಸುಂದರ ರಾಣಿಯರ, ಸಾಮ್ರಾಜ್ಞಿಯರ ನಾಣ್ಯಗಳನ್ನೇ ಸಂಗ್ರಹಿಸಬೇಕು ಅಂತ ಆಸೆಯಾಗಿದೆ. ಎಲ್ಲಿಂದ ಶುರು ಮಾಡಲಿ? ತೊಳೆಯಬಹುದೇ? ಪತ್ತಾಕ್‌ನಿಂದ ನಾಣ್ಯ ಬಿಡಿಸಿ ಆಲ್ಬಮ್‌ಗೆ ಹಾಕಬಹುದೇ? ಇಂಥ ನಾಣ್ಯಗಳಿಗೆ ಲಕ್ಷಗಟ್ಟಲೆ ಬೆಲೆ ಅಂತ ಫೋನಿಗೆ ವಿಡಿಯೊ ಬರುತ್ತಿರುತ್ತವೆ. ನಿಜವೇ?

ಉತ್ತರ: ಮೊದಲು ಪತ್ತಾಕ್ ವಿಷಯ ಮುಗಿಸಿಬಿಡೋಣ. ದಯವಿಟ್ಟು ಅದನ್ನು ಬಿಡಿಸಬೇಡಿ. ಆಭರಣಕ್ಕೆ ಕೂರಿಸಿದ ನಾಣ್ಯದ ಅಂಚಿನಲ್ಲಿ ಬೆಸುಗೆಯ ಗುರುತು ಉಳಿದೇ ಉಳಿಯುತ್ತದೆ. ಬಿಡಿಸಿದ ಮೇಲೆ ಸಂಗ್ರಾಹಕರ ಲೆಕ್ಕದಲ್ಲಿ ಅದು ಪೆಟ್ಟು ತಿಂದ ನಾಣ್ಯ. ಚಿನ್ನದ ತೂಕಕ್ಕಿಂತ ಜಾಸ್ತಿ ಯಾರೂ ಕೊಡುವುದಿಲ್ಲ. ಇತ್ತ ಕೆಂಪು ಕಲ್ಲು, ಮುತ್ತು, ಮೇಲೆ ಹೆಡೆ ಎತ್ತಿದ ಹಾವು, ನಡುವೆ ನಾಣ್ಯ ಇರುವ ಹಳೇ ಪತ್ತಾಕ್ ಇನ್ನೊಂದು ಸಿಗುವುದು ಕಷ್ಟ. ನಿಮ್ಮ ಸಂಗ್ರಹದ ಮೊದಲ ನಾಣ್ಯ ಅಜ್ಜಿಯ ಕೊರಳಲ್ಲಿ ಇದ್ದ ಹಾಗೆಯೇ ಇರಲಿ. ಅದರ ಒಳ್ಳೆಯ ಫೋಟೊ ಎರಡು ತೆಗೆದು ಆಲ್ಬಮ್‌ನ ಮೊದಲ ಪುಟದಲ್ಲಿ ಹಾಕಿ.

ಆದರೆ ಅದು ಯಾವ ನಾಣ್ಯ ಅಂತ ತಿಳಿದುಕೊಳ್ಳುವುದಕ್ಕೆ ಬಿಡಿಸಬೇಕಾಗಿಯೂ ಇಲ್ಲ. ಅದು ಬ್ರಿಟಿಷ್ ಸವರನ್ ಇರಬಹುದು, ನಿಮ್ಮ ಕಡೆ ಪವನ್ ಅಂತ ಕರೆಯುವುದು. ಅಸಲಿ ಸವರನ್ನಿನ ತೂಕ ಸುಮಾರು 7.99 ಗ್ರಾಂ, ಚಿನ್ನ 22 ಕ್ಯಾರೆಟ್, ಅಗಲ 22 ಮಿಲಿಮೀಟರ್. ಈಗ ಚಲಾವಣೆಯಲ್ಲಿರುವ 2011ರ ನಂತರದ ಒಂದು ರೂಪಾಯಿ ನಾಣ್ಯ ಹೆಚ್ಚುಕಡಿಮೆ ಅಷ್ಟೇ ಅಗಲ. ಪಕ್ಕದಲ್ಲಿಟ್ಟು ನೋಡಿ. ತೀರಾ ಚಿಕ್ಕದಾಗಿದ್ದರೆ ಅರ್ಧ ಸವರನ್ ಇರಬಹುದು. ಅಕ್ಷರಗಳು ಮೊಂಡಾಗಿ, ಇಸವಿಯೇ ಇಲ್ಲದಿದ್ದರೆ ಅಕ್ಕಸಾಲಿಗರು ಅಚ್ಚೊತ್ತಿ ಮಾಡಿದ ಬಿಲ್ಲೆ ಇರಬಹುದು. ಹಾಗಿದ್ದರೂ ಬೇಜಾರು ಬೇಡ. ಅದೂ ಚಿನ್ನವೇ, ಅದೂ ಅಜ್ಜಿಯದೇ.

ಈಗ ಆ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ತಲೆ ಮೇಲೆ ಕಿರೀಟವಿಲ್ಲ, ಕೂದಲಿಗೆ ಪಟ್ಟಿ ಸುತ್ತಿ ಹಿಂದೆ ತುರುಬು ಕಟ್ಟಿದೆ, ಕತ್ತು ಬರಿದು ಅಂದರೆ ಅದು ಎಳೆಯ ವಿಕ್ಟೋರಿಯಾ. 1838ರಿಂದ 1887ರವರೆಗಿನ ಸವರನ್. ಅಚ್ಚು ಕೆತ್ತಿದವರು ವಿಲಿಯಂ ವಯಾನ್. ತಲೆ ಮೇಲೆ ಪುಟ್ಟ ಕಿರೀಟ, ಅದರ ಹಿಂದೆ ಇಳಿಬಿದ್ದ ಮುಸುಕು ಇದ್ದರೆ 1887ರಿಂದ 1893ರ ನಡುವಿನದು. ಪಟ್ಟಕ್ಕೆ ಬಂದು 50 ವರ್ಷ ತುಂಬಿದಾಗ ಜೋಸೆಫ್ ಎಡ್ಗರ್ ಬೋಮ್ ಮಾಡಿದ ಚಿತ್ರ. ಕಿರೀಟ ತಲೆಗೆ ಒಪ್ಪುವುದೇ ಇಲ್ಲ ಅಂತ ಅಲ್ಲಿನ ಜನ ಆಗಲೇ ಗೊಣಗಿದ್ದರು. ಹಾಗಾಗಿ ಬೇಗನೇ ಬದಲಾಯಿತು. 1893ರಿಂದ 1901ರವರೆಗಿನ ನಾಣ್ಯದಲ್ಲಿ ಥಾಮಸ್ ಬ್ರಾಕ್ ಮಾಡಿದ ಮುದಿ ರಾಣಿ ಇದ್ದಾಳೆ. ಮುಸುಕು ಹೊದ್ದಿದ್ದಾಳೆ, ಕೆನ್ನೆ ಇಳಿದಿದೆ. ಮೂರು ಮುಖ, ಒಬ್ಬಳೇ ಹೆಂಗಸು.

ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ‘ಸುಂದರ ರಾಣಿಯರು’ ಅಂತ ಹುಡುಕಿಕೊಂಡು ಹೊರಟರೆ ಸಂಗ್ರಹ ಬೇಗ ಸಪ್ಪೆಯಾಗುತ್ತದೆ. ಬೇರೆ ಬೇರೆ ದೇಶದ ಒಂದೊಂದು ನಾಣ್ಯ ಕೂಡಿಬೀಳುತ್ತವೆ, ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಬದಲಿಗೆ ಒಬ್ಬ ರಾಣಿಯನ್ನು ಆರಿಸಿಕೊಂಡು ಅವಳ ಮುಖ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು, ಯಾಕೆ ಬದಲಾಯಿತು, ಎಲ್ಲಿ ಬದಲಾಗಲೇ ಇಲ್ಲ ಅಂತ ನೋಡುತ್ತಾ ಹೋಗಿ. ಆಗ ನಾಣ್ಯ ಮಾತಾಡಲು ಶುರು ಮಾಡುತ್ತದೆ. ಅದಕ್ಕೆ ನಿಮಗೆ ವಿಕ್ಟೋರಿಯಾಳಿಗಿಂತ ಒಳ್ಳೆಯ ಆಯ್ಕೆ ಇಲ್ಲ. ಅವಳು ಈಗಾಗಲೇ ನಿಮ್ಮ ಪೆಟ್ಟಿಗೆಯಲ್ಲಿದ್ದಾಳೆ.

ಬೆಳ್ಳಿ ರೂಪಾಯಿಗಳನ್ನು ಮೂರು ಗುಂಪು ಮಾಡಿ. 1840 ಅಂತ ಇದ್ದರೆ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿ. ಅದರಲ್ಲೂ ಎರಡು ಬಗೆ. ‘ವಿಕ್ಟೋರಿಯಾ ಕ್ವೀನ್’ ಎಂಬ ಇಂಗ್ಲಿಷ್ ಅಕ್ಷರಗಳು ತಲೆಯ ಸುತ್ತ ಒಂದೇ ಸಾಲಾಗಿ ಓಡಿದ್ದರೆ ಮೊದಲಿನದು, ತಲೆಯ ಆಚೆ ಈಚೆ ಒಡೆದು ನಿಂತಿದ್ದರೆ ನಂತರದ್ದು. ಇಸವಿ ನಂಬಿ ಮೋಸ ಹೋಗಬೇಡಿ. ಅನೇಕ ವರ್ಷ ಅದೇ 1840 ಅಂತ ಹಾಕಿ ಟಂಕಿಸಿದ್ದಾರೆ. ಹಿಂಬದಿಯ ಎಲೆಮಾಲೆಯಲ್ಲಿ ಪುಟ್ಟ ಪುಟ್ಟ ಕಾಯಿಗಳಿವೆ, ಅವನ್ನು ಎಣಿಸಿ ಬರೆದಿಡಿ. ಆ ಎಣಿಕೆ ನಾಣ್ಯದಿಂದ ನಾಣ್ಯಕ್ಕೆ ಬೇರೆಯಾಗುತ್ತದೆ. ಯಾವ ಟಂಕಸಾಲೆಯದು ಅಂತ ಗುರುತಿಸುವುದಕ್ಕೆ ಸಂಗ್ರಾಹಕರು ಅದನ್ನು ಬಳಸುತ್ತಾರೆ.

1862ರ ರೂಪಾಯಿ ಬೇರೆಯೇ. ಆಗ ಕಂಪನಿ ಆಡಳಿತ ಮುಗಿದು ರಾಣಿಯ ನೇರ ಆಡಳಿತ ಬಂದಿತ್ತು. ಹಾಗಾಗಿ ತಲೆ ಮೇಲೆ ಕಿರೀಟ, ಮೈಮೇಲೆ ಕಸೂತಿಯ ಬಟ್ಟೆ, ಕೊರಳಲ್ಲಿ ಹಾರ. ಈ 1862 ಎಂಬ ಇಸವಿಯೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ನಿಂತಿತ್ತು. ಮುಂಬೈ ಟಂಕಸಾಲೆಯವರು ಮಾತ್ರ ಇಸವಿ ಬದಲಿಸುವ ಬದಲು ಸಣ್ಣ ಸಣ್ಣ ಚುಕ್ಕೆ ಹಾಕಿ ಯಾವ ವರ್ಷದ್ದು ಅಂತ ಗುರುತು ಮಾಡಿಕೊಂಡರು. ನಿಮ್ಮ 1862ರ ರೂಪಾಯಿಗಳ ಇಸವಿಯ ಕೆಳಗೆ ಚುಕ್ಕೆಗಳಿವೆಯಾ ನೋಡಿ. ಒಂದೇ ಥರ ಕಾಣುವ ನಾಲ್ಕು ರೂಪಾಯಿ ನಾಲ್ಕು ಬೇರೆ ವರ್ಷದವು ಅಂತ ಗೊತ್ತಾದಾಗ ಆಗುವ ಖುಷಿಯೇ ಬೇರೆ.

ಮೂರನೆಯದು 1877ರ ನಂತರದ್ದು. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದರು. ಆ ವರ್ಷದಿಂದ ನಾಣ್ಯದಲ್ಲಿ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂತು. ರಾಣಿ ಮತ್ತು ಸಾಮ್ರಾಜ್ಞಿ ಇಬ್ಬರೂ ಬೇಕು ಅಂತ ನೀವು ಕೇಳಿದ್ದೀರಲ್ಲ, ಒಬ್ಬಳಲ್ಲೇ ಇಬ್ಬರೂ ಸಿಕ್ಕರು.

ಇನ್ನೊಂದು ಸಂಗತಿ ಗಮನಿಸಿ, ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಇಂಗ್ಲೆಂಡಿನ ನಾಣ್ಯದಲ್ಲಿ ವಿಕ್ಟೋರಿಯಾ ಮುದುಕಿಯಾದಳು. ಭಾರತದ ರೂಪಾಯಿಯಲ್ಲಿ ಆಗಲೇ ಇಲ್ಲ. ಅವಳು ಹುಟ್ಟಿದ್ದು 1819ರಲ್ಲಿ. 1862ರಲ್ಲಿ ನಲವತ್ತು ದಾಟಿದ್ದ ಆ ಮುಖವೇ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ 1901ರವರೆಗೆ ನಮ್ಮ ರೂಪಾಯಿಯಲ್ಲಿ ಉಳಿಯಿತು. ಆ ವರ್ಷ ಜನವರಿಯಲ್ಲಿ ಅವಳು ತೀರಿಕೊಂಡಾಗ 81 ವಯಸ್ಸು. ಮಡಿಕೇರಿ ಸಂತೆಯಲ್ಲಿ ವ್ಯಾಪಾರ ಮಾಡಿದವರು ತಮ್ಮ ಜೀವಮಾನವಿಡೀ ಒಂದೇ ವಯಸ್ಸಿನ ರಾಣಿಯನ್ನು ಕೈಯಲ್ಲಿ ಹಿಡಿದಿದ್ದರು. 1901ರ ರೂಪಾಯಿಯನ್ನೂ ಅದೇ ವರ್ಷದ ಮುಸುಕಿನ ರಾಣಿಯ ಇಂಗ್ಲಿಷ್ ಪೆನ್ನಿಯನ್ನೂ ಪಕ್ಕಪಕ್ಕ ಇಡಿ. ಆಳುವವರು ನಮಗೆ ಏನು ತೋರಿಸಿದರು, ತಮ್ಮವರಿಗೆ ಏನು ತೋರಿಸಿದರು ಅನ್ನುವುದು ಆ ಎರಡು ನಾಣ್ಯದಲ್ಲೇ ಕಾಣುತ್ತದೆ. ಪೆನ್ನಿ ತಾಮ್ರದ ಮಿಶ್ರಲೋಹದ್ದು, ದುಬಾರಿಯೇನಲ್ಲ.

ಕೊಡಗಿನವರಾಗಿ ನಿಮ್ಮ ಸಂಗ್ರಹಕ್ಕೆ ಬೇರೆಯವರಿಗಿಲ್ಲದ ಒಂದು ಕೊಂಡಿ ಇದೆ. 1834ರಲ್ಲಿ ಪದಚ್ಯುತನಾದ ಕೊಡಗಿನ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಆ ಹುಡುಗಿಗೆ ಕ್ರೈಸ್ತ ದೀಕ್ಷೆ ಆಯಿತು. ಧರ್ಮಮಾತೆಯಾಗಿ ನಿಂತವಳು ಇದೇ ವಿಕ್ಟೋರಿಯಾ. ಹೆಸರೂ ವಿಕ್ಟೋರಿಯಾ ಗೌರಮ್ಮ ಅಂತಾಯಿತು. ಗೌರಮ್ಮ ಒಬ್ಬ ಬ್ರಿಟಿಷ್ ಸೇನಾಧಿಕಾರಿಯನ್ನು ಮದುವೆಯಾದಳು, ಒಂದು ಹೆಣ್ಣುಮಗುವಿನ ತಾಯಿಯಾದಳು, 1864ರಲ್ಲಿ ಇಪ್ಪತ್ತರ ಹರೆಯದಲ್ಲೇ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅವಳ ದೀಕ್ಷೆಯ ಕಾಲಕ್ಕೆ ಕೊಡಗಿನಲ್ಲಿ ಚಲಾವಣೆಯಲ್ಲಿದ್ದದ್ದು 1840 ಎಂದು ಬರೆದಿರುವ ಆ ಕಂಪನಿ ರೂಪಾಯಿ. ತೀರಿಕೊಂಡಾಗ ಕಿರೀಟದ ರೂಪಾಯಿ ಬಂದಾಗಿತ್ತು. ನಿಮ್ಮ ಆಲ್ಬಮ್‌ನಲ್ಲಿ ಈ ಎರಡು ನಾಣ್ಯಗಳ ನಡುವೆ ಗೌರಮ್ಮನ ಬಗ್ಗೆ ನಾಲ್ಕು ಸಾಲು ಬರೆದ ಒಂದು ಚೀಟಿ ಇರಲೇಬೇಕು.

ಇದಾದ ಮೇಲೆ ವಿಕ್ಟೋರಿಯಾ ಸುತ್ತಲೇ ಸ್ವಲ್ಪ ಅಗಲವಾಗಿ ಹೋಗಬಹುದು. ಎಂಟಾಣೆ, ನಾಲ್ಕಾಣೆ, ಎರಡಾಣೆ, ಕಾಲಾಣೆ ಸೇರಿಸಿ. ಸಿಲೋನಿನ 1870ರ ತಾಮ್ರದ ಸೆಂಟ್‌ನಲ್ಲಿ ಒಂದು ಕಡೆ ವಿಕ್ಟೋರಿಯಾ, ಇನ್ನೊಂದು ಕಡೆ ತಾಳೆಮರ ಇದೆ, ನೋಡಲು ಚೆಂದ. ಅಲ್ವರ್, ಬಿಕಾನೇರ್ ಸಂಸ್ಥಾನಗಳ ಕೆಲವು ರೂಪಾಯಿಗಳಲ್ಲಿ ಮುಂಬದಿಯಲ್ಲಿ ವಿಕ್ಟೋರಿಯಾ, ಹಿಂಬದಿಯಲ್ಲಿ ಮಹಾರಾಜನ ಹೆಸರು ಇರುತ್ತದೆ.

ಎರಡನೇ ರಾಣಿ ಯಾರು ಅಂತ ಕೇಳಿದರೆ ನನ್ನ ಉತ್ತರ ಮರಿಯಾ ಥೆರೇಸಾ. ಆಸ್ಟ್ರಿಯಾದ ಈ ಸಾಮ್ರಾಜ್ಞಿಯ ದೊಡ್ಡ ಬೆಳ್ಳಿ ನಾಣ್ಯಕ್ಕೆ ಥೇಲರ್ ಅನ್ನುತ್ತಾರೆ. ತೂಕ 28 ಗ್ರಾಂ, ಅಗಲ ಸುಮಾರು 40 ಮಿಲಿಮೀಟರ್. ಕಾಫಿ ಬೆಳೆಯುವ ಮನೆಯಲ್ಲಿ ಇದೊಂದು ಇರಬೇಕು ಅನ್ನುವುದಕ್ಕೆ ಕಾರಣ ಇದೆ. ಯೆಮೆನಿನ ಕಾಫಿ ಕೊಳ್ಳಲು ವ್ಯಾಪಾರಿಗಳು ಕೊಡುತ್ತಿದ್ದದ್ದು ಈ ನಾಣ್ಯವನ್ನು. ಅಲ್ಲಿ, ಇಥಿಯೋಪಿಯಾದಲ್ಲಿ ಜನ ಬೇರೆ ದುಡ್ಡು ಮುಟ್ಟುತ್ತಿರಲಿಲ್ಲ. ರಾಣಿಯ ಭುಜದ ಪದಕದಲ್ಲಿ, ತಲೆಪಟ್ಟಿಯಲ್ಲಿ ಮುತ್ತುಗಳು ಸ್ಪಷ್ಟವಾಗಿ ಎದ್ದು ಕಂಡರೆ ಮಾತ್ರ ಒಪ್ಪುತ್ತಿದ್ದರು. ಹಾಗಾಗಿ ಅವಳು 1780ರಲ್ಲಿ ಸತ್ತ ಮೇಲೂ ಅದೇ 1780ರ ಇಸವಿ ಹಾಕಿ ಅದೇ ಮುಖವನ್ನು ಟಂಕಿಸುತ್ತಲೇ ಹೋದರು. ವಿಯೆನ್ನಾ, ಮಿಲಾನ್, ರೋಮ್, ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಎರಡನೇ ಮಹಾಯುದ್ಧದ ಹೊತ್ತಿಗೆ ನಮ್ಮ ಮುಂಬೈ ಟಂಕಸಾಲೆಯಲ್ಲೂ ಇದು ತಯಾರಾಯಿತು.

ಅವಳ ಚಿತ್ರ ನೋಡಿ. ವಿಧವೆಯ ಮುಸುಕು, ತುಂಬಿದ ಕೆನ್ನೆ, ಎರಡು ಮಡಿಕೆಯ ಗದ್ದ, ಅಗಲ ಭುಜ. ಸಿನಿಮಾ ಪೋಸ್ಟರಿನ ಚೆಲುವು ಇದಲ್ಲ. ಆದರೆ ಆ ನೆರಿಗೆ, ಆ ಮುತ್ತು, ಮುಸುಕಿನ ಆ ಮಡಿಕೆ ಕೆತ್ತಿದ ಕೈಚಳಕ ಇದೆಯಲ್ಲ, ಅದಕ್ಕೆ ಸರಿಸಾಟಿ ಇಲ್ಲ. ನಾಣ್ಯದಲ್ಲಿ ಚೆಂದ ಅಂದರೆ ಏನು ಅಂತ ಕಲಿಯುವುದಕ್ಕೆ ಇದು ಒಳ್ಳೆಯ ಪಾಠ. ಹೊಸದಾಗಿ ಟಂಕಿಸಿದ ಥೇಲರ್ ಬೆಳ್ಳಿ ದರಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಸಿಗುತ್ತದೆ. ‘ಮರಿಯಾ ಥೆರೇಸಾ ಬದುಕಿದ್ದಾಗಿನ ಅಪರೂಪದ ನಾಣ್ಯ’ ಅಂತ ಹೇಳಿ ದುಡ್ಡು ಕೀಳುವವರಿದ್ದಾರೆ, ಅವರ ಮಾತು ಕೇಳಬೇಡಿ.

ಮುಖ ಬೆಳೆಯುವುದನ್ನು ನೋಡುವ ಆಸೆ ಇದ್ದರೆ ನೆದರ್ಲೆಂಡ್ಸಿನ ವಿಲ್ಹೆಲ್ಮಿನಾ ಇದ್ದಾಳೆ. 1890ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಪಟ್ಟಕ್ಕೆ ಬಂದವಳು. ಆ ದಶಕದ ಬೆಳ್ಳಿ ನಾಣ್ಯಗಳಲ್ಲಿ ಉದ್ದ ಕೂದಲು ಬಿಟ್ಟುಕೊಂಡ ಬಾಲಕಿ. 1898ರಿಂದ ತಲೆಗೆ ಕಿರೀಟ. ಆಮೇಲೆ ತುಪ್ಪಳದ ಮೇಲುಹೊದಿಕೆ. ಕೊನೆಗೆ ವಯಸ್ಸಾದ, ದಪ್ಪ ಕೆನ್ನೆಯ ಅಜ್ಜಿ. ಮೂವತ್ತು ನಲವತ್ತರ ದಶಕದ ಸಣ್ಣ ಬೆಳ್ಳಿ ನಾಣ್ಯಗಳು ಕಡಿಮೆ ಬೆಲೆಗೆ ಸಿಗುತ್ತವೆ. ಎಲಿಜಬೆತ್ 2 ಕೂಡ ಹೀಗೇ. ಬ್ರಿಟನ್ನಿನ ಚಲಾವಣೆಯ ನಾಣ್ಯಗಳಲ್ಲಿ ಅವಳದ್ದು ಐದು ಚಿತ್ರಗಳಿವೆ, 1953ರಿಂದ 2015ರವರೆಗೆ ಒಂದೊಂದಾಗಿ ಬದಲಾದವು. 1953ರಲ್ಲಿ ಮೇರಿ ಗಿಲಿಕ್ ಮಾಡಿದ ಮೊದಲ ಚಿತ್ರ ನನಗೆ ಎಲ್ಲಕ್ಕಿಂತ ಇಷ್ಟ. ಕಿರೀಟವಿಲ್ಲ, ಎಲೆಮಾಲೆ ಮಾತ್ರ. ಕೊಡಗಿನಲ್ಲಿ ಸೇನೆಯಲ್ಲಿದ್ದು ಹೊರದೇಶ ನೋಡಿ ಬಂದವರ ಮನೆಗಳು ಎಷ್ಟೊಂದಿವೆ ಅಲ್ವಾ? ಅಂಥ ಮನೆಗಳಲ್ಲಿ ಕೇಳಿ ನೋಡಿ. ಸೈಪ್ರಸ್, ಪೂರ್ವ ಆಫ್ರಿಕಾದ ಎಲಿಜಬೆತ್ ನಾಣ್ಯಗಳು ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿರಬಹುದು.

ಪ್ರಾಚೀನ ರಾಣಿಯರ ಬಗ್ಗೆ ಆಸೆ ಹುಟ್ಟುವುದು ಸಹಜ. ಕ್ಲಿಯೋಪಾತ್ರಾಳ ನಾಣ್ಯ ನೋಡಿದವರು ಬೆಚ್ಚಿಬೀಳುತ್ತಾರೆ. ಕೊಕ್ಕೆ ಮೂಗು, ಮುಂದೆ ಚಾಚಿದ ಗದ್ದ. ಅವಳ ನಾಣ್ಯ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ಪ್ರಾಚೀನ ಕಾಲದ ಅತಿ ಸುಂದರ ರಾಣಿ ಮುಖ ಯಾವುದು ಅಂತ ನನ್ನನ್ನು ಕೇಳಿದರೆ ಸಿಸಿಲಿಯ ಸಿರಾಕ್ಯೂಸ್ ನಗರದ ಫಿಲಿಸ್ಟಿಸ್. ಕ್ರಿಸ್ತಪೂರ್ವ 3ನೇ ಶತಮಾನದ ರಾಣಿ, ಮುಸುಕು ಹಾಕಿದ ಶಾಂತ ಮುಖ. ಚಿತ್ರದಲ್ಲಾದರೂ ಒಮ್ಮೆ ನೋಡಿ. ಕೊಳ್ಳುವುದಕ್ಕೆ ಸಾಧ್ಯವಾಗುವುದು ರೋಮಿನ ಸಾಮ್ರಾಜ್ಞಿಯರು. ಫೌಸ್ಟಿನಾ ತಾಯಿ ಮತ್ತು ಮಗಳು, ಸಿರಿಯಾದಿಂದ ಬಂದ ಜೂಲಿಯಾ ಡೊಮ್ನಾ, ಇವರ ಬೆಳ್ಳಿ ದಿನಾರಿಯಸ್‌ಗಳು ಸಾಕಷ್ಟು ಉಳಿದಿವೆ. ಒಬ್ಬೊಬ್ಬರ ಜಡೆ ಒಂದೊಂದು ಥರ. ತಾಯಿ ಫೌಸ್ಟಿನಾಳ ತುರುಬು ನಡುನೆತ್ತಿಯಲ್ಲಿ, ಡೊಮ್ನಾಳ ಕೂದಲು ಅಲೆಅಲೆಯಾಗಿ ಕಿವಿ ಮುಚ್ಚಿ ಇಳಿದಿದೆ. ರೋಮಿನ ರಾಣಿ ನಮ್ಮ ನೆಲಕ್ಕೂ ಬಂದಿದ್ದಾಳೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವ ಅವನ ನಾಣ್ಯದ ಹಿಂಬದಿಯಲ್ಲಿ ಕುಳಿತ ಹೆಂಗಸು ಅವನ ತಾಯಿ ಲಿವಿಯಾ ಅಂತ ಅನೇಕ ವಿದ್ವಾಂಸರ ಅಭಿಪ್ರಾಯ.

ನಮ್ಮ ಅರಸರು ರಾಣಿಯ ಮುಖವನ್ನು ನಾಣ್ಯಕ್ಕೆ ಹಾಕಿಸಿದ್ದು ತೀರಾ ಕಡಿಮೆ. ಗುಪ್ತರ ಚಿನ್ನದ ನಾಣ್ಯದಲ್ಲಿ ಒಂದನೇ ಚಂದ್ರಗುಪ್ತ ಮತ್ತು ಕುಮಾರದೇವಿ ಎದುರುಬದುರು ನಿಂತಿದ್ದಾರೆ, ಇಬ್ಬರ ಹೆಸರೂ ಇದೆ. ನೂರ್‌ಜಹಾನ್ ಹೆಸರು ಜಹಾಂಗೀರನ ನಾಣ್ಯದಲ್ಲಿದೆ, ಮುಖ ಇಲ್ಲ. ಗುಪ್ತರ ನಾಣ್ಯದ ನಕಲಿಗಳು ವಿಪರೀತ, ಹೊಸಬರು ಆ ದಾರಿಗೆ ಹೋಗದಿರುವುದೇ ಒಳ್ಳೆಯದು. ಸ್ವತಂತ್ರ ಭಾರತದ ಸ್ಮರಣಾರ್ಥ ನಾಣ್ಯಗಳಲ್ಲಿ ರಾಣಿ ಗೈಡಿನ್ಲಿಯು, ಗ್ವಾಲಿಯರ್ ರಾಜಮಾತೆ ವಿಜಯರಾಜೇ ಸಿಂಧಿಯಾ, ಅಹಲ್ಯಾಬಾಯಿ ಹೋಳ್ಕರ್ ಇದ್ದಾರೆ. ಇವು ಬೇಕಾದರೆ ಸರ್ಕಾರಿ ಟಂಕಸಾಲೆಯಿಂದಲೇ ತರಿಸಿಕೊಳ್ಳಿ.

ಇನ್ನು ತೊಳೆಯುವ ವಿಷಯ. ಬೇಡವೇ ಬೇಡ. ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ನಿಮ್ಮ ಅಡುಗೆಮನೆಯಲ್ಲಿರುವ ಕಾಚಂಪುಳಿಯನ್ನಂತೂ (ಕೊಡಗಿನ ಕಪ್ಪು ಹುಳಿರಸ) ನಾಣ್ಯದ ಹತ್ತಿರ ತರಬೇಡಿ. ಅದರ ಹುಳಿ ತಾಮ್ರದ ಮೇಲಿನ ಕಂದು ಪದರವನ್ನು ತಿಂದು ಹಾಕುತ್ತದೆ. ನಾಣ್ಯ ಗುಲಾಬಿ ಬಣ್ಣಕ್ಕೆ ತಿರುಗಿ ಸತ್ತಂತೆ ಕಾಣುತ್ತದೆ. ಬೆಳ್ಳಿಯ ಮೇಲಿನ ಬೂದು, ನೀಲಿ, ಕಪ್ಪು ಛಾಯೆ ಕೊಳೆ ಅಲ್ಲ, ಅದು ವಯಸ್ಸು. ಉಜ್ಜಿದರೆ ಕೆನ್ನೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳು ಬೀಳುತ್ತವೆ. ನಾಣ್ಯ ಗೊತ್ತಿರುವವರು ಬೆಳಕಿಗೆ ಹಿಡಿದ ಕೂಡಲೇ ಕಂಡುಹಿಡಿಯುತ್ತಾರೆ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಟ್ಟು, ಉಜ್ಜದೆ, ಮೆತ್ತನೆ ಬಟ್ಟೆಯ ಮೇಲಿಟ್ಟು ಒಣಗಿಸಿ. ಅಷ್ಟೇ.

ನಿಮ್ಮಲ್ಲಿ ನಿಜವಾದ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ತಾಮ್ರ ಹಸಿರುಗಟ್ಟದೆ ಇರುತ್ತದೆಯೇ? ಗಾಳಿಯಾಡದ ಮುಚ್ಚಳದ ಡಬ್ಬಿ ತೆಗೆದುಕೊಳ್ಳಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ. ಸೌದೆ ಒಲೆಯ ಹೊಗೆ ತಾಗುವ ಕಡೆ, ಕಾಫಿ ಚೀಲದ ಉಗ್ರಾಣದಲ್ಲಿ ಇಡಬೇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಆಲ್ಬಮ್‌ಗಳು ಹೆಚ್ಚಾಗಿ ಪಿವಿಸಿ. ವರ್ಷ ಕಳೆದಂತೆ ಅದು ಜಿಗುಟಾಗಿ ಹಸಿರು ಲೋಳೆ ಬಿಡುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಗಳನ್ನು ಕೇಳಿ ತರಿಸಿ.

ಲಕ್ಷದ ಮಾತು ಸುಳ್ಳು. ಚಲಾವಣೆಯಲ್ಲಿ ಸವೆದ 1862, 1900, 1901ರ ರೂಪಾಯಿಗಳು ಲೆಕ್ಕವಿಲ್ಲದಷ್ಟು ಇವೆ. ಒಂದೊಂದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇದೆ, ಬೆಲೆ ಅದರ ಆಸುಪಾಸಿನಿಂದ ಶುರುವಾಗುತ್ತದೆ. ಸವೆಯದ ನಾಣ್ಯಕ್ಕೆ, ಅಪರೂಪದ ವರ್ಷಕ್ಕೆ ಮಾತ್ರ ಅದು ಮೇಲೇರುತ್ತದೆ. ‘ನಿಮ್ಮ ನಾಣ್ಯ ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಅಂತ ಯಾರಾದರೂ ಕೇಳಿದರೆ ಫೋನ್ ಇಡಿ. ರಿಸರ್ವ್ ಬ್ಯಾಂಕ್ 2021ರಲ್ಲೇ ತನ್ನ ಹೆಸರು ಹೇಳಿಕೊಂಡು ಇಂಥ ಮೋಸ ನಡೆಯುತ್ತಿದೆ ಅಂತ ಎಚ್ಚರಿಸಿದೆ.

ಕೊಳ್ಳುವಾಗ ಒಂದು ಚಿಕ್ಕ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಜೊತೆಗಿರಲಿ. ವಿಕ್ಟೋರಿಯಾ ರೂಪಾಯಿ ಹೊಸದಿದ್ದಾಗ 11.66 ಗ್ರಾಂ. ಸವೆದು ಸ್ವಲ್ಪ ಕಡಿಮೆಯಾಗಬಹುದು, ಆದರೆ 10 ಗ್ರಾಂ ತೂಗಿದರೆ ಕೈಬಿಡಿ. ಆಯಸ್ಕಾಂತಕ್ಕೆ ಅಂಟಿದರೂ ಕೈಬಿಡಿ. ಅಂಚಿನಲ್ಲಿ ಸುತ್ತಲೂ ಗೆರೆ ಎದ್ದಿದ್ದರೆ, ಮುಖದ ಮೇಲೆ ಸೂಜಿ ಚುಚ್ಚಿದ ಹಾಗೆ ಗುಳಿಗಳಿದ್ದರೆ ಅದು ಅಚ್ಚಿಗೆ ಸುರಿದ ನಕಲಿ. ಮತ್ತೊಂದು ಮಾತು. ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಪ್ರಕಾರ ಪುರಾತನ ವಸ್ತು. ಹೊರದೇಶದಲ್ಲಿರುವ ಸಂಬಂಧಿಕರಿಗೆ ಉಡುಗೊರೆ ಅಂತಲೂ ಕಳಿಸುವ ಹಾಗಿಲ್ಲ. ತೋಟದಲ್ಲಿ ಗುಂಡಿ ತೆಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಮ್ಮದಾಗುವುದಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಪೆಟ್ಟಿಗೆಯಲ್ಲಿ ಮನೆತನದಿಂದ ಬಂದದ್ದಕ್ಕೆ ಆ ಚಿಂತೆ ಇಲ್ಲ.

ದುಡ್ಡು ಹಾಕುವ ಮೊದಲು ಕಣ್ಣು ಪಳಗಿಸಿಕೊಳ್ಳಿ. ಸಂಪಾಜೆ ಘಾಟಿ ಇಳಿದು ಮಂಗಳೂರು ದಾಟಿದರೆ ಉಡುಪಿ. ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿ ಒಳ್ಳೆಯ ನಾಣ್ಯ ಸಂಗ್ರಹಾಲಯ ಇದೆ. ನಿಮ್ಮ 1862ರ ರೂಪಾಯಿಯನ್ನು ಚೆನ್ನಾಗಿ ನೋಡಿಕೊಂಡು ಹೋಗಿ, ಆಮೇಲೆ ಅಲ್ಲಿನ ನಾಣ್ಯಗಳಲ್ಲಿ ಕೂದಲಿನ ಎಳೆ, ಹುಬ್ಬು, ಹಾರದ ಮಣಿ ಎಷ್ಟು ಉಳಿದಿವೆ ಅಂತ ಹೋಲಿಸಿ.

ಆ ಹಸಿರುಗಟ್ಟಿದ ತಾಮ್ರದ ನಾಣ್ಯವನ್ನು ಉಳಿದವುಗಳಿಂದ ಇವತ್ತೇ ಬೇರೆ ಇಡಿ. ಹಸಿರು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಭಯವಿಲ್ಲ. ಪುಡಿಪುಡಿಯಾಗಿ ಉದುರುತ್ತಿದ್ದರೆ ಅದು ಲೋಹವನ್ನೇ ತಿನ್ನುವ ರೋಗ. ಎರಡೂ ಬದಿಯ ಫೋಟೊ, ತೂಕ, ಅಗಲ ಬರೆದು ಕಳಿಸಿ. ಆರು ಗ್ರಾಂ ಚಿಲ್ಲರೆ ತೂಗಿ, ಕಿರೀಟದ ರಾಣಿ ಕಂಡರೆ ಕಾಲಾಣೆ ಇರಬೇಕು. ಫೋಟೊ ನೋಡಿ ಯಾವ ಬಗೆಯದು, ಏನು ಮಾಡಬೇಕು ಅಂತ ಬರೆಯುತ್ತೇನೆ.